ಕಿಟ್ ಕಾರಿಗೆ ಬೇರೆ ಎಂಜಿನ್: ಚೈನ್ ಬ್ಲಾಕ್ ಮುಟ್ಟುವ ಮುಂಚೆ ಟೇಪು ಹಿಡಿಯಿರಿ

ನಾನು ಮೊದಲ ಸಲ ನನ್ನ ಕಿಟ್ ಕಾರಿಗೆ, ಅಂದರೆ ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸಿದ ಕಾರಿಗೆ, ಬೇರೆ ಎಂಜಿನ್ ಇಳಿಸಿದಾಗ ಎಲ್ಲ ಸಲೀಸಾಗಿ ಆಯಿತು. ಸಂಜೆ ಬಾನೆಟ್ ಮುಚ್ಚಲು ಹೋದೆ ನೋಡಿ, ಅದು ಎರಡು ಬೆರಳಿನಷ್ಟು ಮೇಲೇ ನಿಂತುಬಿಟ್ಟಿತು. ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳು) ತಾಗುತ್ತಿತ್ತು. ಸರಿ, ಎಂಜಿನ್ನನ್ನೇ ಸ್ವಲ್ಪ ಇಳಿಸೋಣ ಅಂತ ಕಾರಿನ ಕೆಳಗೆ ನುಗ್ಗಿದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಅದೇ ಆಯಿಲ್ ಚೇಂಬರ್, ಆಗಲೇ ಚಾಸಿಯ ಪೈಪು ದಾಟಿ ಮೂರು ಇಂಚು ಕೆಳಗೆ ಜೋತಾಡುತ್ತಿದೆ. ಮೇಲೂ ಜಾಗ ಇಲ್ಲ, ಕೆಳಗೂ ಇಲ್ಲ. ಅಷ್ಟರಲ್ಲಿ ನಾನು ಎಂಜಿನ್ನನ್ನು ಚಾಸಿಗೆ ಹಿಡಿಸುವ ಮೌಂಟಿನ ಬ್ರಾಕೆಟ್‌ಗಳನ್ನು ಗಟ್ಟಿಯಾಗಿ ವೆಲ್ಡ್ ಬೇರೆ ಮಾಡಿಯಾಗಿತ್ತು!

ಎಂಜಿನ್ ಬದಲಾಯಿಸುವ ಮಾತು ಬಂದರೆ ಎಲ್ಲರೂ ಕೇಳುವುದು ಎಷ್ಟು ಹಾರ್ಸ್‌ಪವರ್ ಅಂತ. ಬ್ಲಾಕ್, ಅಂದರೆ ಎಂಜಿನ್ನಿನ ಮುಖ್ಯ ಒಡಲು, ಕೂರಿಸುವುದು ನಿಜವಾಗಿ ಕಷ್ಟವೇ ಅಲ್ಲ. ಅದರಿಂದ ಹೊರಗೆ ಚಾಚಿಕೊಂಡಿರುತ್ತವಲ್ಲ, ಚೇಂಬರು, ಮ್ಯಾನಿಫೋಲ್ಡು, ನೀರಿನ ಮೂತಿ, ಡೈನಮೋ, ಸೆಲ್ಫ್ ಮೋಟರು, ವೈರುಗಳ ಗೊಂಚಲು, ಇವು ನಿಮ್ಮ ತಿಂಗಳುಗಳನ್ನು ತಿನ್ನುತ್ತವೆ. ಹಾಗಾಗಿ ಇಲ್ಲಿ ಆ ಸುತ್ತಮುತ್ತಲಿನ ಕೆಲಸದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಯಾವ ಎಂಜಿನ್?

ಒಂದೇ ಚಾಸಿಗೆ ಬೇರೆ ಬೇರೆ ಎಂಜಿನ್ ಹಾಕುವುದು ಹೊಸದೇನಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸಬಹುದಿತ್ತು, ಎಂಜಿನ್ನಿನಲ್ಲೂ ಆಯ್ಕೆ ಇತ್ತು. 1973ರಲ್ಲಿ ಆ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕೈಗೆ ಹೋಯಿತು, ಆಮೇಲೆ ಅದೇ ಆಕಾರದ ಚಾಸಿಗೆ ಫೋರ್ಡ್, ರೋವರ್, ಸುಜುಕಿ ಎಂಜಿನ್‌ಗಳೆಲ್ಲ ಬಂದು ಕೂತವು. 1962ರಲ್ಲಿ ಕ್ಯಾರಲ್ ಶೆಲ್ಬಿ ಎಸಿ ಕಂಪನಿಯ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಫೋರ್ಡಿನ ಎಂಟು ಸಿಲಿಂಡರಿನ ವಿ8 ಎಂಜಿನ್ ಹಾಕಿದ್ದೇ ಕೋಬ್ರಾ ಆಯಿತು. ಇವತ್ತಿಗೂ ಕಿಟ್‌ನವರು ಅದರ ನಕಲು ಕಟ್ಟುತ್ತಲೇ ಇದ್ದಾರೆ.

ಆದರೆ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ. ನಿಮ್ಮ ಕಾರು 600 ಕೆಜಿ ಇದೆ ಅಂದುಕೊಳ್ಳಿ. 120 ಹಾರ್ಸ್‌ಪವರ್ ಎಂಜಿನ್ ಹಾಕಿದರೆ ಟನ್ನಿಗೆ 200 ಬಿತ್ತು. 1,200 ಕೆಜಿಯ ಸಾಮಾನ್ಯ ಕಾರು ಇದರ ಸಮಕ್ಕೆ ಬರಬೇಕಾದರೆ 240 ಹಾರ್ಸ್‌ಪವರ್ ಬೇಕು. ಅಂದರೆ ಹಗುರ ಕಾರಿನಲ್ಲಿ ಸಾಧಾರಣ ಎಂಜಿನ್ನೇ ಬೇಕಾದಷ್ಟಾಯಿತು. ಅದರ ಬದಲು 60 ಕೆಜಿ ಜಾಸ್ತಿ ತೂಗುವ ಎರಕದ ಕಬ್ಬಿಣದ ಬ್ಲಾಕನ್ನು ಮೂತಿಗೆ ಹೇರಿದರೆ ತಿರುವಿನಲ್ಲಿ ಕಾರು ಹಟಮಾರಿ ಎತ್ತಿನ ಹಾಗೆ ನೇರವಾಗೇ ಎಳೆಯುತ್ತದೆ. ಪವರ್ ನೋಡುವ ಮುಂಚೆ ತೂಕ ನೋಡಿ.

ಎಂಜಿನ್ ಮುಂದೆ, ಓಡುವುದು ಹಿಂದಿನ ಚಕ್ರ, ಇದು ನಿಮ್ಮ ಕಿಟ್ಟಿನ ವಿನ್ಯಾಸವಾದರೆ ಅದೇ ವಿನ್ಯಾಸದ ಕಾರಿನಿಂದ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜೊತೆಯಲ್ಲೇ ತರುವುದು ಎಲ್ಲಕ್ಕಿಂತ ಸುಲಭದ ದಾರಿ. ಮಜ್ದಾ ಎಂಎಕ್ಸ್-5 ಇದಕ್ಕೇ ಕಿಟ್ ಕಟ್ಟುವವರ ಅಚ್ಚುಮೆಚ್ಚು. ಎರಡನೆಯ ದಾರಿ, ಮುಂದಿನ ಚಕ್ರ ಓಡಿಸುವ ಕಾರಿನ ಅಡ್ಡ ಎಂಜಿನ್ ತಂದು ಉದ್ದಕ್ಕೆ ತಿರುಗಿಸಿ ಕೂರಿಸುವುದು. ಇಂಥವು ಸುಲಭವಾಗಿ ಸಿಗುತ್ತವೆ, ಹಗುರ ಕೂಡ. ಆದರೆ ತಿರುಗಿಸಿದ ಕೂಡಲೇ ನೀರಿನ ಮೂತಿ ಎಂಜಿನ್ ಕೋಣೆಯ ಹಿಂದಿನ ಗೋಡೆಗೆ ಮುಖ ಮಾಡುತ್ತದೆ, ಸೈಲೆನ್ಸರ್ ಪೈಪು ಸ್ಟಿಯರಿಂಗ್ ಕಂಬದ ಮೇಲೆ ಬರುತ್ತದೆ, ಗೇರ್‌ಬಾಕ್ಸಂತೂ ಬೇರೆಯದೇ ಹುಡುಕಬೇಕು. ಎಂಜಿನ್ ಹಿಂದೆ ಇರುವ ಕಿಟ್ ಆದರೆ ಇದೇ ಅಡ್ಡ ಎಂಜಿನ್ನನ್ನು ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್ ಸಮೇತ ಇಡಿಯಾಗಿ ಎತ್ತಿ ಹಿಂದಕ್ಕೆ ಇಡಬಹುದು. ಅದು ಬಹಳ ಚೊಕ್ಕ ಕೆಲಸ.

ಬೈಕ್ ಎಂಜಿನ್ ಇನ್ನೊಂದು ಲೋಕ. 1999ರಲ್ಲಿ ಬಂದ ಸುಜುಕಿ ಹಯಬೂಸಾದ 1,299 ಸಿಸಿ ಎಂಜಿನ್ ಸಣ್ಣ ಕಿಟ್ ಕಾರುಗಳಲ್ಲಿ ತುಂಬಾ ಜನಪ್ರಿಯ. ಗೇರ್‌ಬಾಕ್ಸ್ ಒಳಗೇ ಇರುತ್ತದೆ, ತೂಕ ಕಡಿಮೆ, ಕೂಗು ಕೇಳಿದರೆ ಮೈ ಜುಂ ಅನ್ನುತ್ತದೆ. ಆದರೆ ರಿವರ್ಸ್ ಗೇರ್ ಇಲ್ಲ. ಬೈಕು ತಿರುವಿನಲ್ಲಿ ವಾಲುತ್ತದೆ, ಕಾರು ವಾಲುವುದಿಲ್ಲ, ಹಾಗಾಗಿ ಚೇಂಬರಿನ ಆಯಿಲ್ ಒಂದು ಬದಿಗೆ ಓಡುತ್ತದೆ. ಬೈಕಿನ ಕ್ಲಚ್ಚಿಗೂ ಇಷ್ಟು ಭಾರ ಎಳೆದು ಅಭ್ಯಾಸ ಇಲ್ಲ. ದಿನಾ ಓಡಿಸುವ ಕಾರಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಒಂದು ವಿಷಯವನ್ನು ತುಂಬಾ ಜನ ನೋಡುವುದೇ ಇಲ್ಲ: ಎಂಜಿನ್ ಯಾವ ಕಡೆಗೆ ಸುತ್ತುತ್ತದೆ? ಪುಲ್ಲಿ ಇರುವ ಕಡೆಯಿಂದ ನೋಡಿದರೆ ಬಹುತೇಕ ಎಂಜಿನ್‌ಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತವೆ. ಹೋಂಡಾದ ಹಳೆಯ ಬಿ ಸರಣಿ, ಡಿ ಸರಣಿಯವು ಉಲ್ಟಾ. ಅಂಥದ್ದನ್ನು ತಂದು ಮಾಮೂಲಿ ಗೇರ್‌ಬಾಕ್ಸಿಗೆ, ಮಾಮೂಲಿ ಹಿಂದಿನ ಆಕ್ಸಲ್ಲಿಗೆ ಜೋಡಿಸಿದರೆ ಮುಂದಕ್ಕೆ ಹೋಗಲು ಒಂದು ಗೇರು, ಹಿಂದಕ್ಕೆ ಹೋಗಲು ಐದು ಗೇರು ಸಿಗುತ್ತವೆ. ನಗಬೇಡಿ. ಕೆ ಸರಣಿಯಿಂದ ಹೋಂಡಾದವರೂ ದಿಕ್ಕು ಬದಲಾಯಿಸಿದರು.

ಎಂಜಿನ್ ಕೊಳ್ಳಬೇಡಿ, ಕಾರು ಕೊಳ್ಳಿ

ಆದಷ್ಟು ಮಟ್ಟಿಗೆ ಇಡೀ ಕಾರನ್ನೇ ಕೊಳ್ಳಿ, ಗುದ್ದಿಸಿಕೊಂಡಿದ್ದರೂ ಪರವಾಗಿಲ್ಲ. ಬರೀ ಎಂಜಿನ್ ತಂದರೆ ಆಮೇಲೆ ಒಂದೊಂದು ಸಣ್ಣ ಸಾಮಾನಿಗೂ ಅಲೆಯಬೇಕು. ಬೇಕಾಗುವುದು ಇವು: ಎಂಜಿನ್ನಿನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಒಂದನ್ನೂ ಕತ್ತರಿಸದೆ. ಅದರ ಜೊತೆಗಿನ ಕೀ, ಕೀ ಸುತ್ತ ಇರುವ ಇಮ್ಮೊಬಿಲೈಸರ್ (ಬೇರೆ ಕೀಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ) ರಿಂಗು. ಕೇಬಲ್ ಇಲ್ಲದೆ ಕರೆಂಟಿನಿಂದ ನಡೆಯುವ ಥ್ರಾಟಲ್ ಆದರೆ ಆಕ್ಸಿಲರೇಟರ್ ಪೆಡಲ್ಲು. ಫ್ಲೈವೀಲು (ಎಂಜಿನ್ನಿನ ಹಿಂತುದಿಯಲ್ಲಿ ಸುತ್ತುವ ಭಾರದ ಚಕ್ರ), ಕ್ಲಚ್, ಸೆಲ್ಫ್ ಮೋಟರ್, ಡೈನಮೋ, ಎಲ್ಲ ಸೆನ್ಸರ್, ಮೂಲ ಮೌಂಟುಗಳು, ನೀರಿನ ಹೋಸುಗಳು. ಕೊನೆಗೆ ಆ ಬೋಲ್ಟುಗಳೂ ಬೇಕು, ಗೇರ್‌ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಡಬ್ಬಿಯಾದ ಬೆಲ್‌ಹೌಸಿಂಗಿನ ಬೋಲ್ಟುಗಳ ಉದ್ದ ಒಂದೊಂದೂ ಬೇರೆ ಇರುತ್ತದೆ.

ಇಡೀ ಕಾರಿದ್ದರೆ ಇನ್ನೊಂದು ದೊಡ್ಡ ಲಾಭ, ಬಿಚ್ಚುವ ಮುಂಚೆ ಓಡಿಸಿ ನೋಡಬಹುದು. ಬಿಸಿ ಆದಾಗ ಆಯಿಲ್ ಪ್ರೆಶರ್ ಎಷ್ಟು, ಹೊಗೆ ಯಾವ ಬಣ್ಣ, ಎಲ್ಲ ಗೇರು ಬೀಳುತ್ತವೆಯೇ, ಇದೆಲ್ಲ ಅಲ್ಲೇ ಗೊತ್ತಾಗುತ್ತದೆ. ಬಿಚ್ಚುವಾಗ ಫೋನಿನಲ್ಲಿ ಫೋಟೋ ತೆಗೆಯಿರಿ, ಸಾಕು ಅನ್ನಿಸಿದ ಮೇಲೂ ಇನ್ನೊಂದು ಐವತ್ತು ತೆಗೆಯಿರಿ.

ದುಡ್ಡು ಕೊಡುವ ಮುಂಚೆಯೇ ನಿಮ್ಮಲ್ಲಿನ ನೋಂದಣಿ, ಹೊಗೆ ತಪಾಸಣೆ, ವಿಮೆ ಈ ಮೂರರ ನಿಯಮ ಓದಿಕೊಳ್ಳಿ. ಕೆಲವು ಕಡೆ ಎಂಜಿನ್ನಿನ ವರ್ಷ ನೋಡಿ ಹೊಗೆಯ ಮಿತಿ ಹಾಕುತ್ತಾರೆ, ಕೆಲವು ಕಡೆ ಕಾರಿನ ವರ್ಷ ನೋಡುತ್ತಾರೆ, ಇನ್ನು ಕೆಲವು ಕಡೆ ಬೇರೆ ಎಂಜಿನ್ ಹಾಕುವುದಕ್ಕೇ ಮೊದಲು ಒಪ್ಪಿಗೆ ಬೇಕು. ಎಂಜಿನ್ ನಂಬರ್ ಇರುವ ಕಾಗದ, ಕೊಂಡ ರಸೀದಿ ಜೋಪಾನ ಮಾಡಿ.

ಈಗ ಟೇಪು

ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ನಾನು ಜಾರಿ ಬಿದ್ದದ್ದೂ ಇಲ್ಲೇ.

ಮೊದಲು ಎಂಜಿನ್ನನ್ನು ನೆಲದ ಮೇಲೆ, ಕಾರಿನಲ್ಲಿ ಯಾವ ಭಂಗಿಯಲ್ಲಿ ಕೂರಬೇಕೋ ಹಾಗೇ ನಿಲ್ಲಿಸಿ. ಒಂದು ಅಳತೆಯ ಕೇಂದ್ರ ಬೇಕು, ಅದು ಎಂಜಿನ್ನಿನೊಳಗೆ ಸುತ್ತುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟಿನ ನಡುಗೆರೆ. ಅಲ್ಲಿಂದ ಮೇಲಕ್ಕೆ ಎಷ್ಟು, ಕೆಳಕ್ಕೆ ಚೇಂಬರಿನ ತಳದವರೆಗೆ ಎಷ್ಟು, ಎಡಕ್ಕೆ ಬಲಕ್ಕೆ ಎಷ್ಟು, ಬೆಲ್‌ಹೌಸಿಂಗಿನ ಮುಖದಿಂದ ಮುಂದಿನ ಪುಲ್ಲಿಯವರೆಗೆ ಎಷ್ಟು, ಎಲ್ಲ ಬರೆದುಕೊಳ್ಳಿ. ಆಮೇಲೆ ರಟ್ಟು ಅಥವಾ ಥರ್ಮೋಕೋಲಿನಿಂದ ಅದೇ ಅಳತೆಯ ಒಂದು ಸುಳ್ಳು ಎಂಜಿನ್ ಮಾಡಿ. ಚಂದ ಕಾಣಬೇಕಾಗಿಲ್ಲ, ಹೊರಗೆ ಚಾಚಿದ ಭಾಗಗಳು ಸರಿಯಾಗಿದ್ದರೆ ಸಾಕು. 140 ಕೆಜಿಯ ಕಬ್ಬಿಣವನ್ನು ಚೈನ್ ಬ್ಲಾಕಿನಲ್ಲಿ ಇಪ್ಪತ್ತು ಸಲ ಇಳಿಸಿ ಹತ್ತಿಸುವುದಕ್ಕಿಂತ ರಟ್ಟಿನ ಡಬ್ಬವನ್ನು ಒಂದು ಕೈಯಲ್ಲಿ ಹಿಡಿದು ಆಚೆ ಈಚೆ ಸರಿಸುವುದು ಮೇಲು, ಅಲ್ವಾ?

ಸುಳ್ಳು ಎಂಜಿನ್ ಇಟ್ಟು ನೋಡಬೇಕಾದ್ದು: ಸ್ಟಿಯರಿಂಗ್ ಕಂಬ ಎಲ್ಲಿ ಹಾಯುತ್ತದೆ, ಬ್ರೇಕ್ ಮಾಸ್ಟರ್ ಸಿಲಿಂಡರಿಗೆ ಸೈಲೆನ್ಸರಿನ ಕಾವು ತಾಗುತ್ತದೆಯೇ, ಬಾನೆಟ್ ಮುಚ್ಚುತ್ತದೆಯೇ, ಆಯಿಲ್ ಫಿಲ್ಟರ್ ಬಿಚ್ಚಲು ಕೈ ಹೋಗುತ್ತದೆಯೇ, ಸ್ಪಾರ್ಕ್ ಪ್ಲಗ್ಗಿಗೆ ಸ್ಪ್ಯಾನರ್ ಹಾಕಲು ಜಾಗ ಉಂಟೇ. ಎಂಜಿನ್ ರಬ್ಬರಿನ ಮೇಲೆ ಕುಣಿಯುತ್ತದೆ, ಹಾಗಾಗಿ ಸುತ್ತಲೂ 15-20 ಮಿ.ಮೀ. ಖಾಲಿ ಬಿಡಿ.

ನೆಲದಿಂದ ಎತ್ತರ ಅಳೆಯುವಾಗ ಕಾರು ತನ್ನ ಚಕ್ರಗಳ ಮೇಲೇ ನಿಂತಿರಬೇಕು, ಸ್ಟ್ಯಾಂಡಿನ ಮೇಲಲ್ಲ. ಸೀಟಿನ ಮೇಲೆ ನೀವು ಕೂತಷ್ಟು ಭಾರ ಇರಬೇಕು, ಟ್ಯಾಂಕಿನಲ್ಲಿ ಪೆಟ್ರೋಲು ಇರಬೇಕು. ಖಾಲಿ ಕಾರಿನಲ್ಲಿ ಅಳೆದ ಎತ್ತರ ಸುಳ್ಳು ಲೆಕ್ಕ.

ಚೇಂಬರಿನ ಕಥೆ

ಮೊದಲ ಎಡವಟ್ಟು ಬರುವುದು ಚೇಂಬರಿನಲ್ಲಿ. ಸಾಮಾನ್ಯ ಕಾರಿನ ಚೇಂಬರ್ ಆಳವಾಗಿರುತ್ತದೆ, ಕಿಟ್ ಕಾರು ನೆಲಕ್ಕೆ ಅಂಟಿಕೊಂಡಿರುತ್ತದೆ. ಚೇಂಬರನ್ನು ಕತ್ತರಿಸಿ ಗಿಡ್ಡ ಮಾಡುವುದು ಬಳಕೆಯಲ್ಲಿರುವ ಉಪಾಯ. ಎತ್ತರದಲ್ಲಿ ಕಳೆದುಕೊಂಡ ಆಯಿಲನ್ನು ಅಗಲದಲ್ಲಿ ವಾಪಸು ಗಳಿಸಬೇಕು, ಅದಕ್ಕೆ ಎರಡು ಬದಿಗೆ ರೆಕ್ಕೆಯ ಹಾಗೆ ಡಬ್ಬ ವೆಲ್ಡ್ ಮಾಡುತ್ತಾರೆ. ಒಳಗಿನ ಆಯಿಲ್ ಹೀರುವ ಪೈಪನ್ನೂ ಅಷ್ಟೇ ಗಿಡ್ಡ ಮಾಡಬೇಕು. ಆ ಪೈಪಿನ ಬಾಯಿಗೂ ತಳಕ್ಕೂ ಮೂಲದಲ್ಲಿ ಎಷ್ಟು ಅಂತರ ಇತ್ತೋ ಅಷ್ಟೇ ಇರಲಿ. ತೀರಾ ಒತ್ತಿಕೊಂಡರೆ ಆಯಿಲ್ ಬಾರದು, ತೀರಾ ಮೇಲಿದ್ದರೆ ಗಾಳಿ ಹೀರುತ್ತದೆ.

ತಿರುವಿನಲ್ಲಿ ಆಯಿಲ್ ಬದಿಗೆ ಓಡದಂತೆ ಹೀರುಪೈಪಿನ ಸುತ್ತ ತಡೆಗೋಡೆ ಬೇಕು, ಒಂದೇ ಕಡೆಗೆ ತೆರೆಯುವ ಸಣ್ಣ ಬಾಗಿಲಿದ್ದರೆ ಇನ್ನೂ ಒಳ್ಳೆಯದು. ಎರಡು ಸೆಕೆಂಡು ಗಾಳಿ ಹೀರಿದರೂ ಬೇರಿಂಗ್ ಹೋಗಬಹುದು. ವೆಲ್ಡ್ ಮಾಡಿದ ಮೇಲೆ ಚೇಂಬರನ್ನು ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಹಳೆಯ ಪೇಪರಿನ ಮೇಲೆ ಇಡಿ. ಬೆಳಿಗ್ಗೆ ಕಲೆ ಕಂಡರೆ ತೂತಿದೆ ಅಂತ ಅರ್ಥ. ಒಳಗೆ ವೆಲ್ಡಿಂಗಿನ ಒಂದು ಕಾಳೂ ಉಳಿಯದ ಹಾಗೆ ತೊಳೆಯಿರಿ.

ಗೇರ್‌ಬಾಕ್ಸ್ ಜೊತೆ ಮದುವೆ

ಎಂಜಿನ್ ಗೇರ್‌ಬಾಕ್ಸ್ ಎರಡೂ ಒಂದೇ ಕಾರಿನವಾದರೆ ಈ ಭಾಗ ಹಾರಿಸಿ ಮುಂದೆ ಹೋಗಿ. ಬೇರೆ ಬೇರೆ ಆದರೆ ಬೋಲ್ಟಿನ ತೂತುಗಳೇ ಕೂಡುವುದಿಲ್ಲ, ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ಪ್ಲೇಟಿನ ದಪ್ಪ ಎಷ್ಟೋ ಅಷ್ಟು ಗೇರ್‌ಬಾಕ್ಸ್ ಹಿಂದಕ್ಕೆ ಸರಿಯುತ್ತದೆ. ಆಗ ಅದರ ಇನ್‌ಪುಟ್ ಶಾಫ್ಟಿನ ತುದಿ ಕ್ರ್ಯಾಂಕಿನ ಹಿಂಭಾಗದಲ್ಲಿರುವ ಪೈಲಟ್ ಬೇರಿಂಗಿಗೆ ತಲುಪದೇ ಹೋಗಬಹುದು. ಲೇತಿನಲ್ಲಿ ಉದ್ದನೆಯ ಬುಷ್ ಮಾಡಿಸಿ ಹಾಕಬೇಕಾಗುತ್ತದೆ. ಅಡ್ಡ ಎಂಜಿನ್ನಿನ ಕ್ರ್ಯಾಂಕಿನಲ್ಲಿ ಎಷ್ಟೋ ಸಲ ಆ ಬೇರಿಂಗಿಗೆ ಜಾಗವೇ ಇರುವುದಿಲ್ಲ, ನೋಡಿಕೊಳ್ಳಿ.

ಕ್ಲಚ್ಚಿನ ಸೂತ್ರ ನೆನಪಿಡಲು ಸುಲಭ: ಫ್ಲೈವೀಲೂ ಪ್ರೆಶರ್ ಪ್ಲೇಟೂ ಎಂಜಿನ್ ಕಡೆಯವು, ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಗೇರ್‌ಬಾಕ್ಸ್ ಕಡೆಯದು. ವ್ಯಾಸ ಎಂಜಿನ್ನಿಗೆ ಹೊಂದುವ, ಹಲ್ಲಿನ ಲೆಕ್ಕ ಶಾಫ್ಟಿಗೆ ಹೊಂದುವ ಪ್ಲೇಟ್ ಹುಡುಕಿ. ಸೆಲ್ಫ್ ಮೋಟರಿನ ಹಲ್ಲು ಫ್ಲೈವೀಲಿನ ರಿಂಗಿಗೆ ಕಚ್ಚುವ ಆಳವನ್ನೂ ಕೈಯಿಂದ ಸುತ್ತಿಸಿ ನೋಡಿ.

ಇನ್ನೊಂದು ಪರೀಕ್ಷೆಯನ್ನು ಬಿಡಲೇಬೇಡಿ. ಎಂಜಿನ್ನಿನ ನಡುಗೆರೆ, ಗೇರ್‌ಬಾಕ್ಸಿನ ನಡುಗೆರೆ ಎರಡೂ ಒಂದೇ ಗೆರೆಯಲ್ಲಿರಬೇಕು. ಕೂದಲೆಳೆಯಷ್ಟು ಅಂತರವನ್ನೂ ಅಳೆಯುವ ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಅದರ ಮುಳ್ಳನ್ನು ಬೆಲ್‌ಹೌಸಿಂಗಿನಲ್ಲಿ ಗೇರ್‌ಬಾಕ್ಸ್ ಕೂರುವ ದುಂಡು ತೂತಿನ ಅಂಚಿಗೆ ತಾಗಿಸಿ, ಕ್ರ್ಯಾಂಕನ್ನು ನಿಧಾನ ಒಂದು ಸುತ್ತು ತಿರುಗಿಸಿ. ಗೇಜು ಒಟ್ಟು 0.25 ಮಿ.ಮೀ.ಗಿಂತ ಜಾಸ್ತಿ ಆಡಬಾರದು. ಗೇಜು ತೋರಿಸುವುದು ನಿಜವಾದ ತಪ್ಪಿನ ಎರಡು ಪಟ್ಟು ಅನ್ನುವುದು ನೆನಪಿರಲಿ, 0.25 ಅಂದರೆ ನಡುಗೆರೆ ಸರಿದಿರುವುದು 0.125. ಜಾಸ್ತಿ ಇದ್ದರೆ ಪ್ಲೇಟನ್ನು ಸರಿಸಿ, ದಿಕ್ಕು ಹಿಡಿಸುವ ಪಿನ್ನುಗಳನ್ನು ಹೊಸದಾಗಿ ಕೂರಿಸಿ. ಇದನ್ನು ಬಿಟ್ಟವರಿಗೆ ಕ್ಲಚ್ ಅದುರುವುದು, ಗೇರ್ ಬೀಳದಿರುವುದು, ಬೇರಿಂಗ್ ಕೂಗುವುದು ಒಂದೊಂದಾಗಿ ಬರುತ್ತವೆ, ಕಾರಣ ಮಾತ್ರ ಹೊಳೆಯುವುದಿಲ್ಲ.

ಎರಡನ್ನೂ ಕೂಡಿಸುವಾಗ ಕೈಯಲ್ಲಿ ತಳ್ಳಿದರೇ ಮುಖಕ್ಕೆ ಮುಖ ಕೂಡಬೇಕು. ಬೋಲ್ಟು ಬಿಗಿದು ಎಳೆಸಬೇಡಿ. ಏನೋ ಅಡ್ಡ ಬಂದಿದೆ ಅಂತಲೇ ಅರ್ಥ.

ಮೌಂಟು, ಕೋನ, ಶಾಫ್ಟು

ಎಂಜಿನ್ ಗೇರ್‌ಬಾಕ್ಸ್ ಜೋಡಿಯನ್ನು ಮೂರು ಕಡೆ ಹಿಡಿದರೆ ಸಾಕು: ಎರಡು ಮಗ್ಗುಲಿಗೆ ಒಂದೊಂದು, ಗೇರ್‌ಬಾಕ್ಸಿನ ಬಾಲಕ್ಕೆ ಒಂದು. ಮೂರಕ್ಕಿಂತ ಜಾಸ್ತಿ ಹಿಡಿದರೆ ಚಾಸಿ ತಿರುಚಿದಾಗ ಎಂಜಿನ್ನಿನ ಕಿವಿಯೇ ಕಿತ್ತು ಬರಬಹುದು.

ಮೌಂಟಿನ ಮೇಲೆ ಬೀಳುವ ಬಲ ಬರೀ ತೂಕದ್ದಲ್ಲ, ಸಣ್ಣ ಲೆಕ್ಕ ಹಾಕೋಣ. ಎಂಜಿನ್ 150 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ, ಮೊದಲ ಗೇರಿನ ಅನುಪಾತ 3.6. ಗೇರ್‌ಬಾಕ್ಸಿನ ಬಾಲದಲ್ಲಿ 540 ಬಂತು. ಶಾಫ್ಟನ್ನು ಒಂದು ಕಡೆಗೆ ತಿರುಚಿದರೆ ಎಂಜಿನ್ ಅಷ್ಟೇ ಬಲದಿಂದ ಇನ್ನೊಂದು ಕಡೆಗೆ ಹೊರಳಲು ನೋಡುತ್ತದೆ. ಎರಡು ಮೌಂಟುಗಳ ನಡುವೆ ಅರ್ಧ ಮೀಟರ್ ಇದ್ದರೆ ಒಂದು ಮೌಂಟನ್ನು 110 ಕೆಜಿ ಭಾರದಷ್ಟು ಮೇಲಕ್ಕೆ ಎಳೆಯುತ್ತದೆ, ಇನ್ನೊಂದನ್ನು ಅಷ್ಟೇ ಕೆಳಕ್ಕೆ ಒತ್ತುತ್ತದೆ. ಕ್ಲಚ್ ದಡಕ್ಕನೆ ಬಿಟ್ಟರೆ ಇನ್ನೂ ಜಾಸ್ತಿ. ಹಾಗಾಗಿ ಬರೀ ಒಂದು ಪಟ್ಟಿ ಬಗ್ಗಿಸಿ ವೆಲ್ಡ್ ಮಾಡಿದರೆ ನಡೆಯುವುದಿಲ್ಲ. ಬ್ರಾಕೆಟ್ ತ್ರಿಕೋನವಾಗಿರಬೇಕು, ಚಾಸಿಯ ಪೈಪುಗಳು ಕೂಡುವ ಗಂಟಿನ ಹತ್ತಿರ ಕೂರಬೇಕು. ಪೈಪಿನ ನಟ್ಟನಡುವೆ ವೆಲ್ಡ್ ಮಾಡಿದ ಬ್ರಾಕೆಟ್ ಪೈಪನ್ನೇ ಬಗ್ಗಿಸುತ್ತದೆ.

ರಬ್ಬರ್ ಕಿತ್ತುಹೋದರೂ ಎಂಜಿನ್ ಎದ್ದು ಬಾರದ ಹಾಗೆ ಬೋಲ್ಟು ರಬ್ಬರನ್ನು ಹಾದು ಹೋಗುವ ನಮೂನೆಯ ಮೌಂಟು ಆರಿಸಿ. ಎಂಜಿನ್ ಎದ್ದರೆ ಥ್ರಾಟಲ್ ಕೇಬಲ್ಲನ್ನೂ ಎಳೆದುಕೊಂಡೇ ಏಳುತ್ತದೆ, ಆಮೇಲೆ ಆಗುವುದನ್ನು ನೀವೇ ಊಹಿಸಿ.

ಕೂರಿಸುವ ಕ್ರಮ ಹೀಗೆ. ಎಂಜಿನ್ನನ್ನು ಚೈನ್ ಬ್ಲಾಕಿನಿಂದಲೂ ಮರದ ತುಂಡುಗಳಿಂದಲೂ ಸರಿಯಾದ ಜಾಗದಲ್ಲಿ ನಿಲ್ಲಿಸಿ. ಅದು ಆ ತುಂಡುಗಳ ಮೇಲೆ ಗಟ್ಟಿಯಾಗಿ ಕೂತ ಮೇಲೆ ಚೈನ್ ಕಳಚಿ ಬಾನೆಟ್ ಮುಚ್ಚಿ ನೋಡಿ. ಬ್ರಾಕೆಟ್ ಮೊದಲು ರಟ್ಟಿನಲ್ಲಿ ಕತ್ತರಿಸಿ, ಆಮೇಲೆ ತಗಡಿನಲ್ಲಿ. ಟ್ಯಾಕ್ ವೆಲ್ಡ್, ಅಂದರೆ ಅಲ್ಲಲ್ಲಿ ಚುಕ್ಕಿಯಷ್ಟು ವೆಲ್ಡ್, ಮಾತ್ರ ಮಾಡಿ. ಎಲ್ಲ ಸರಿ ಅನ್ನಿಸಿದರೂ ಅವತ್ತೇ ಪೂರ್ತಿ ವೆಲ್ಡ್ ಮಾಡಬೇಡಿ! ರೇಡಿಯೇಟರ್, ಸೈಲೆನ್ಸರ್, ಸ್ಟಿಯರಿಂಗ್, ಪೆಡಲ್ ಎಲ್ಲವನ್ನೂ ಒಮ್ಮೆ ಇಟ್ಟು ನೋಡುವವರೆಗೆ ಟ್ಯಾಕ್ ಸಾಕು. ಆಮೇಲೆ ಎಂಜಿನ್ ತೆಗೆದು, ರಬ್ಬರ್ ಬಿಚ್ಚಿ, ಬ್ಯಾಟರಿಯನ್ನೂ ಇಸಿಯುವನ್ನೂ ಕಳಚಿ ಪೂರ್ತಿ ವೆಲ್ಡ್ ಮಾಡಿ.

ಕೋನದ ವಿಷಯ. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್ಲಿಗೆ (ಎರಡು ಚಕ್ರಗಳಿಗೆ ಸುತ್ತು ಹಂಚುವ ಗೇರಿನ ಡಬ್ಬಿ) ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಬಗ್ಗಿದ ಜಾಯಿಂಟ್ ಒಂದೇ ಸಮನೆ ಸುತ್ತುವುದಿಲ್ಲ, ಪ್ರತಿ ಸುತ್ತಿಗೂ ಎರಡು ಸಲ ವೇಗ ಏರಿಳಿಯುತ್ತದೆ. ಮುಂದಿನ ಜಾಯಿಂಟ್ ಮಾಡಿದ ಏರಿಳಿತವನ್ನು ಹಿಂದಿನದು ಅಳಿಸಬೇಕಾದರೆ ಎರಡರ ಕೋನವೂ ಒಂದೇ ಆಗಿರಬೇಕು, ಎರಡರ ಕವಲುಗಳೂ ಒಂದೇ ಸಮತಟ್ಟಿನಲ್ಲಿರಬೇಕು. ಅಂದರೆ ಗೇರ್‌ಬಾಕ್ಸಿನ ಶಾಫ್ಟಿನ ಗೆರೆಯೂ ಡಿಫರೆನ್ಷಿಯಲ್ ಮೂತಿಯ ಗೆರೆಯೂ ಸಮಾನಾಂತರ. ಒಂದರಿಂದ ಮೂರು ಡಿಗ್ರಿ ಚೆನ್ನ. ಸೊನ್ನೆ ಡಿಗ್ರಿ ಮಾಡಲು ಹೋಗಬೇಡಿ. ಸ್ವಲ್ಪವಾದರೂ ಕೋನ ಇಲ್ಲದಿದ್ದರೆ ಜಾಯಿಂಟಿನ ಒಳಗಿನ ಸೂಜಿ ಬೇರಿಂಗುಗಳು ಉರುಳುವುದೇ ಇಲ್ಲ, ನಿಂತಲ್ಲೇ ಒತ್ತಿ ಗುಳಿ ಬೀಳುತ್ತದೆ. ಶಾಫ್ಟಿನ ಉದ್ದವನ್ನು ಕಾರು ಚಕ್ರದ ಮೇಲೆ ನಿಂತಿರುವಾಗ ಅಳೆಯಿರಿ, ಜಾರುವ ತುದಿಯಲ್ಲಿ 20-25 ಮಿ.ಮೀ. ಆಟ ಬಿಡಿ. ಉದ್ದ ಬದಲಾಯಿಸಿದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ. ಅದು ನಿಮ್ಮ ಸೊಂಟದ ಪಕ್ಕದಲ್ಲೇ ಸುತ್ತುತ್ತಿರುತ್ತದೆ.

ಗೇರಿಂಗ್ ಲೆಕ್ಕವನ್ನೂ ಇಲ್ಲೇ ಮುಗಿಸಿ. 185/60 ಆರ್ 14 ಟೈರಿನ ವ್ಯಾಸ ಸುಮಾರು 578 ಮಿ.ಮೀ., ಸುತ್ತಳತೆ 1.81 ಮೀಟರ್. ಗಂಟೆಗೆ 100 ಕಿ.ಮೀ. ಅಂದರೆ ಚಕ್ರ ನಿಮಿಷಕ್ಕೆ ಸುಮಾರು 919 ಸುತ್ತು. ಐದನೇ ಗೇರಿನ ಅನುಪಾತ 0.8, ಹಿಂದಿನ ಆಕ್ಸಲ್ಲಿನದು 4.1 ಇದ್ದರೆ ಎಂಜಿನ್ 3,000 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಆಕ್ಸಲ್ 3.6 ಮಾಡಿದರೆ 2,650ಕ್ಕೆ ಇಳಿಯುತ್ತದೆ. ಹೆಚ್ಚು ಸುತ್ತಿನಲ್ಲಿ ಪವರ್ ಕೊಡುವ ಎಂಜಿನ್ನಿಗೆ ದೊಡ್ಡ ಅಂಕಿ, ಕೆಳಗಿನಿಂದಲೇ ಎಳೆಯುವ ಎಂಜಿನ್ನಿಗೆ ಸಣ್ಣ ಅಂಕಿ ಹೊಂದುತ್ತದೆ. ಹಳೆಯ ಆಕ್ಸಲ್ ಹೊಸ ಎಂಜಿನ್ನಿನ ತಿರುಚುಬಲ ತಡೆಯುತ್ತದೆಯೇ ಅನ್ನುವುದೂ ಲೆಕ್ಕಕ್ಕೆ ಬರಲಿ.

ನೀರು

ಉದ್ದಕ್ಕೆ ತಿರುಗಿಸಿದ ಎಂಜಿನ್ನಿನಲ್ಲಿ ಥರ್ಮೋಸ್ಟಾಟಿನ (ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ಡಬ್ಬಿ ಹಿಂದಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಅದನ್ನು ತೆಗೆದು ಅಲ್ಯೂಮಿನಿಯಂ ಮೂತಿ ಮಾಡಿಸಿ ನೀರನ್ನು ಪೈಪಿನಲ್ಲಿ ಮುಂದಕ್ಕೆ ತರುತ್ತಾರೆ. ಆಗ ಬೈಪಾಸ್ ಹೋಸನ್ನು ಬೇಡ ಅಂತ ಮುಚ್ಚಿಬಿಡಬೇಡಿ. ಥರ್ಮೋಸ್ಟಾಟ್ ಮುಚ್ಚಿರುವಾಗ ಬ್ಲಾಕಿನೊಳಗೆ ನೀರು ಸುತ್ತುವುದು ಅದರಿಂದಲೇ. ಅದು ಇಲ್ಲದಿದ್ದರೆ ಬ್ಲಾಕಿನ ಮೇಲಿನ ಹೆಡ್ಡು ಕುದಿಯುತ್ತಿರುತ್ತದೆ, ಥರ್ಮೋಸ್ಟಾಟಿಗೆ ಸುದ್ದಿಯೇ ಮುಟ್ಟಿರುವುದಿಲ್ಲ.

ನೀರಿನ ಹೆಚ್ಚುವರಿ ಡಬ್ಬಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಕಿಟ್ ಕಾರಿನ ಮೂತಿ ತಗ್ಗು, ರೇಡಿಯೇಟರ್ ಎಂಜಿನ್ನಿಗಿಂತ ಕೆಳಗಿರುತ್ತದೆ, ಹಾಗಾಗಿ ಗಾಳಿ ಹೆಡ್ಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಎತ್ತರದ ಜಾಗದಿಂದ ಸಣ್ಣ ಪೈಪೊಂದನ್ನು ಡಬ್ಬಿಗೆ ಎಳೆಯಿರಿ. ಮುಚ್ಚಳ 1 ಬಾರ್‌ನದ್ದಾದರೆ ನೀರು ಕುದಿಯುವುದು 120 ಡಿಗ್ರಿಯ ಹತ್ತಿರ. ಸಡಿಲ ಮುಚ್ಚಳ ಇದ್ದರೆ ಆ ಅನುಕೂಲ ಹೋಯಿತು. ದೊಡ್ಡ ರೇಡಿಯೇಟರ್ ಹಾಕಿದೆ, ಆದರೂ ಬಿಸಿ ಅನ್ನುವವರು ರೇಡಿಯೇಟರಿನ ಸುತ್ತ ಬೆಳಕು ಕಾಣುತ್ತದೆಯೇ ನೋಡಿ. ಕಂಡರೆ ಗಾಳಿ ಅಲ್ಲಿಂದಲೇ ಪಾರಾಗುತ್ತಿದೆ. ತಗಡು, ಸ್ಪಂಜು ಹಾಕಿ ಮುಚ್ಚಿ.

ಪೆಟ್ರೋಲು

ಕಾರ್ಬ್ಯುರೇಟರಿಗೆ 0.2-0.3 ಬಾರ್ ಸಾಕು. ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 3 ಬಾರ್ ಬೇಕು, ಅಂದರೆ ಕಡಿಮೆಯೆಂದರೂ ಹತ್ತು ಪಟ್ಟು. ಹಳೆಯ ಪಂಪು, ಹಳೆಯ ಹೋಸು, ಹಳೆಯ ಕ್ಲಿಪ್ಪು ಯಾವುದೂ ಇದಕ್ಕೆ ಆಗುವುದಿಲ್ಲ. ಇಂಜೆಕ್ಷನ್ನಿಗೆಂದೇ ಮಾಡಿದ ಹೋಸು ಹಾಕಿ. ಕಿಟ್ ಕಾರಿನ ಟ್ಯಾಂಕಿನಲ್ಲಿ ಒಳಗೋಡೆ ಇಲ್ಲದಿದ್ದರೆ ತಿರುವಿನಲ್ಲಿ ಪಂಪು ಗಾಳಿ ಎಳೆಯುತ್ತದೆ. ಅದಕ್ಕೆ ನಡುವೆ ಒಂದು ಸಣ್ಣ ಡಬ್ಬಿ, ಸ್ವರ್ಲ್ ಪಾಟ್ ಅಂತಾರೆ, ಇಟ್ಟು ಕಡಿಮೆ ಒತ್ತಡದ ಪಂಪಿನಿಂದ ಅದನ್ನು ಸದಾ ತುಂಬಿಸುತ್ತಿರಬೇಕು. ಅಪಘಾತವಾದರೆ ಪಂಪಿನ ಕರೆಂಟು ತಾನಾಗಿ ಕಡಿಯುವ ಸ್ವಿಚ್ಚು ಕಡ್ಡಾಯ ಅಂದುಕೊಳ್ಳಿ. ಪೆಟ್ರೋಲ್ ಪೈಪು ಸೈಲೆನ್ಸರ್ ಪೈಪಿನ ಪಕ್ಕ ಹೋಗಬಾರದು, ಪ್ರೊಪೆಲ್ಲರ್ ಶಾಫ್ಟಿನ ಪಕ್ಕವೂ ಬೇಡ.

ವೈರಿಂಗ್: ಹೆದರಬೇಡಿ, ಹೆಸರು ಬರೆಯಿರಿ

ಮೂಲ ಇಸಿಯು ಇಟ್ಟುಕೊಂಡರೆ ಟ್ಯೂನಿಂಗ್ ತಲೆನೋವಿಲ್ಲ, ಇಮ್ಮೊಬಿಲೈಸರಿನ ತಲೆನೋವು ಇರುತ್ತದೆ. ಬೇರೆ ಇಸಿಯು ಹಾಕಿದರೆ ಉಲ್ಟಾ. ಅದನ್ನು ಹಾಕುವವರು ಕ್ರ್ಯಾಂಕ್ ಸೆನ್ಸರ್ ಓದುವ ಚಕ್ರದ ಹಲ್ಲು ಎಣಿಸಿಕೊಳ್ಳಿ: ಫೋರ್ಡಿನವು ಬಹಳವಾಗಿ 36ರಲ್ಲಿ ಒಂದು ಹಲ್ಲು ಕಡಿಮೆ, ಬಾಷ್ ಪದ್ಧತಿಯವು 60ರಲ್ಲಿ ಎರಡು ಕಡಿಮೆ. ಇದನ್ನು ಇಸಿಯುವಿಗೆ ತಪ್ಪಾಗಿ ಹೇಳಿದರೆ ಎಂಜಿನ್ ಸುತ್ತುತ್ತಲೇ ಇರುತ್ತದೆ, ಹೊತ್ತಿಕೊಳ್ಳುವುದಿಲ್ಲ.

ಮೂಲ ವೈರಿಂಗನ್ನು ನೆಲದ ಮೇಲೆ ಹರಡಿ, ಒಂದೊಂದು ತುದಿಗೂ ಚೀಟಿ ಅಂಟಿಸಿ. ಕಾರಿನ ಕಡೆಗೆ ನಿಜವಾಗಿ ಬೇಕಾಗುವುದು ಎಂಟು ಹತ್ತು ವೈರು ಮಾತ್ರ: ಯಾವಾಗಲೂ ಇರುವ ಕರೆಂಟು, ಕೀ ಹಾಕಿದಾಗ ಬರುವ ಕರೆಂಟು, ಸೆಲ್ಫು, ಪಂಪಿನ ರಿಲೇ, ಫ್ಯಾನಿನ ರಿಲೇ, ಆರ್‌ಪಿಎಂ ಮೀಟರು, ಎಚ್ಚರಿಕೆ ದೀಪ, ಡೈನಮೋ ದೀಪ, ಅರ್ಥ್. ಡೈನಮೋ ದೀಪ ಅಲಂಕಾರಕ್ಕಲ್ಲ. ಎಷ್ಟೋ ಡೈನಮೋಗಳು ಆ ಬಲ್ಬಿನ ಮೂಲಕ ಬರುವ ಸಣ್ಣ ಕರೆಂಟಿನಿಂದಲೇ ಎಚ್ಚರಗೊಳ್ಳುತ್ತವೆ.

ಅರ್ಥ್ ಬಗ್ಗೆ ನನ್ನದೇ ಒಂದು ಅನುಭವ. ಎಂಜಿನ್ನಿನಿಂದ ಚಾಸಿಗೆ ಹೋಗುವ ದಪ್ಪ ಅರ್ಥ್ ಪಟ್ಟಿ ಹಾಕಲು ಮರೆತಿದ್ದೆ. ಎಂಜಿನ್ ರಬ್ಬರಿನ ಮೇಲೆ ಕೂತಿದೆ, ಕರೆಂಟಿಗೆ ಬೇರೆ ದಾರಿ ಇಲ್ಲ. ಸೆಲ್ಫ್ ಹೊಡೆದಾಗ ಅಷ್ಟೂ ಕರೆಂಟು ಥ್ರಾಟಲ್ ಕೇಬಲ್ಲಿನ ಉಕ್ಕಿನ ತಂತಿಯಲ್ಲಿ ಹರಿಯಿತು. ಮೊದಲು ಹೊಗೆ ಬಂತು, ಆಮೇಲೆ ಕೇಬಲ್ಲಿನ ಪ್ಲಾಸ್ಟಿಕ್ ಕರಗಿ ಒಳಗೇ ಅಂಟಿಕೊಂಡಿತು. ಸುಮ್ನೆ ಎರಡು ಬೋಲ್ಟಿನ ಕೆಲಸ ಅದು. ನೀವು ಪಟ್ಟಿಯನ್ನು ಮೊದಲೇ ಹಾಕಿ, ಬಣ್ಣ ಕೆರೆದು ಲೋಹ ಕಾಣಿಸಿ ಹಾಕಿ.

ಸೈಲೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನ್ ಕುಣಿಯುತ್ತದೆ ಅಂತ ನೆನಪಿಟ್ಟು ಬಳುಕುವ ತುಂಡೊಂದನ್ನು ಹಾಕಿ, ಆಕ್ಸಿಜನ್ ಸೆನ್ಸರಿನ ತೂತನ್ನು ಪೈಪಿನ ಮೇಲ್ಭಾಗದಲ್ಲಿ ಮಾಡಿ, ಮಗ್ಗುಲಿನಲ್ಲಿ ಪೈಪು ಹೋಗುವ ಕಾರಾದರೆ ಕಾಲು ಸುಡದಂತೆ ಮರೆ ಹಾಕಿ.

ಮೊದಲ ಸಲ ಚಾಲೂ

ಪ್ಲಗ್ಗುಗಳನ್ನು ಬಿಚ್ಚಿ, ಇಗ್ನಿಷನ್ನನ್ನೂ ಪೆಟ್ರೋಲನ್ನೂ ಕಡಿದು, ಬರೀ ಸೆಲ್ಫಿನಲ್ಲಿ ಎಂಜಿನ್ ಸುತ್ತಿಸಿ. ಹತ್ತು ಸೆಕೆಂಡು ಸುತ್ತಿಸಿ, ಸೆಲ್ಫಿಗೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಸುತ್ತಿಸಿ. ಆಯಿಲ್ ಪ್ರೆಶರಿನ ಮುಳ್ಳು ಏಳುವವರೆಗೆ ಪ್ಲಗ್ ಹಾಕುವ ಮಾತಿಲ್ಲ. ಮುಳ್ಳು ಏಳದಿದ್ದರೆ ನೀವು ಗಿಡ್ಡ ಮಾಡಿದ ಹೀರುಪೈಪಿನ ಕಡೆ ಮೊದಲು ಅನುಮಾನ ಪಡಿ.

ಆಮೇಲೆ ಪಂಪಿಗೆ ಮಾತ್ರ ಕರೆಂಟು ಕೊಟ್ಟು ಪೆಟ್ರೋಲಿನ ಪ್ರತಿ ಕೂಡಿಕೆಯನ್ನೂ ಕೈಯಿಂದ ಮುಟ್ಟಿ ನೋಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಹತ್ತಿರ ಇರಲಿ, ಜೊತೆಗೆ ಒಬ್ಬರು ಇರಲಿ, ಶೆಡ್ಡಿನ ಬಾಗಿಲು ತೆರೆದಿರಲಿ. ಎಂಜಿನ್ ಹೊತ್ತಿಕೊಂಡ ಮೇಲೆ ಸಂಭ್ರಮದಲ್ಲಿ ರೈಸ್ ಮಾಡಬೇಡಿ. ಪ್ರೆಶರ್ ನೋಡಿ, ಸೋರಿಕೆ ನೋಡಿ, ನೀರಿನ ಗುಳ್ಳೆ ಹೋಗುವವರೆಗೆ ಡಬ್ಬಿ ತುಂಬುತ್ತಿರಿ, ಫ್ಯಾನು ತಾನಾಗಿ ತಿರುಗಿ ತಾನಾಗಿ ನಿಲ್ಲುವುದನ್ನು ಎರಡು ಸಲ ಕಣ್ಣಾರೆ ನೋಡಿ. ಆಮೇಲೆ ಆರಿಸಿ, ತಣ್ಣಗಾದ ಮೇಲೆ ನೀರು ಮತ್ತೆ ನೋಡಿ, ಖಂಡಿತ ಇಳಿದಿರುತ್ತದೆ.

ರಸ್ತೆಗೆ ಇಳಿಯುವ ಮುಂಚೆ ಎಂಜಿನ್ನಿಗೆ ತೀರಾ ಹತ್ತಿರ ಇರುವ ಜಾಗಗಳಲ್ಲಿ, ಅಂದರೆ ಚೇಂಬರು ಮತ್ತು ಸ್ಟಿಯರಿಂಗ್ ರ‍್ಯಾಕ್ ನಡುವೆ, ಮ್ಯಾನಿಫೋಲ್ಡು ಮತ್ತು ಬಾನೆಟ್ ನಡುವೆ, ಮಕ್ಕಳು ಆಡುವ ಕ್ಲೇ ಉಂಡೆ ಅಂಟಿಸಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಉಂಡೆ ಎಷ್ಟು ಚಪ್ಪಟೆಯಾಗಿದೆ ಅಂತ ಅಳೆಯಿರಿ. 5 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಅಲ್ಲಿ ಇವತ್ತಲ್ಲ ನಾಳೆ ತಾಗುತ್ತದೆ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಮೌಂಟಿನ ಬೋಲ್ಟು, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟು, ಸೈಲೆನ್ಸರಿನ ನಟ್ಟು, ಹೋಸಿನ ಕ್ಲಿಪ್ಪು ಎಲ್ಲವನ್ನೂ ಮತ್ತೊಮ್ಮೆ ಬಿಗಿ ಮಾಡಿ.

ಕೊನೆಗೆ ನಾಲ್ಕೂ ಚಕ್ರದ ಕೆಳಗೆ ತೂಕದ ಯಂತ್ರ ಇಟ್ಟು, ನೀವು ಸೀಟಿನಲ್ಲಿ ಕೂತು, ಕಾರನ್ನು ತೂಗಿ. ಎಂಜಿನ್ ಬದಲಾದ ಮೇಲೆ ಮುಂದಿನ ಸ್ಪ್ರಿಂಗು, ಕಾರಿನ ಎತ್ತರ, ಚಕ್ರದ ಅಲೈನ್‌ಮೆಂಟು, ಮುಂದೆ ಹಿಂದೆ ಬ್ರೇಕಿನ ಹಂಚಿಕೆ ಯಾವುದೂ ಮೊದಲಿನ ಹಾಗೆ ಇರುವುದಿಲ್ಲ. ನನ್ನ ಕಾರಿನ ಮೂತಿ ಎರಡು ಸೆಂಟಿಮೀಟರ್ ಕೆಳಗೆ ಬಗ್ಗಿತ್ತು, ಹೆಡ್‌ಲೈಟು ಹತ್ತು ಮಾರು ದೂರದ ರಸ್ತೆಯನ್ನಷ್ಟೇ ತೋರಿಸುತ್ತಿತ್ತು. ಸ್ಪ್ರಿಂಗು ಬದಲಾಯಿಸಿ, ಲೈಟು ಎತ್ತಿ, ಬಾನೆಟ್ಟಿನಲ್ಲಿ ಮ್ಯಾನಿಫೋಲ್ಡಿಗೆಂದು ಒಂದು ಕಿಂಡಿ ಕತ್ತರಿಸಿ ಮೇಲೆ ಫೈಬರಿನ ಮುಚ್ಚಳ ಹಾಕಿದೆ. ನೋಡಿದವರು ಅದನ್ನು ಸ್ಟೈಲಿಗೆ ಮಾಡಿದ್ದು ಅಂದುಕೊಳ್ಳುತ್ತಾರೆ.